ಲಿಪಿಕರನೂ ಜಾಲಪುಟವಿನ್ಯಾಸಕನೂ: ಸನ್ನತಿಯ ಶಿಲಾಪಟ್ಟಿಕೆಯಿಂದ ಯೂನಿಕೋಡಿನವರೆಗೆ

ಜಾಲಪುಟವಿನ್ಯಾಸಕನೆಂಬ ವೃತ್ತಿಗಾರನು ತೀರ ಈಚಿನವನು. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ನಿರ್ಮಿಸಿದ ಪ್ರಥಮ ಜಾಲಪುಟವು ಲೋಕಕ್ಕೆ ತೆರೆದುದು ೧೯೯೧ರಲ್ಲಿ. ಪುಟದ ರೂಪವನ್ನು ಅದರ ಪಾಠದಿಂದ ಬೇರ್ಪಡಿಸಿ ವಿಧಿಸುವ ಶೈಲಿನಿಯಮಗಳು ಮೊದಲು ಅಂಗೀಕೃತವಾದುದು ೧೯೯೬ರಲ್ಲಿ. ಅಕ್ಷರದ ಗಾತ್ರ, ಪಂಕ್ತಿಗಳ ಅಂತರ, ಚಿತ್ರದ ಸ್ಥಾನ, ಓದುವವನ ಕಣ್ಣು ಮೊದಲು ಎಲ್ಲಿ ನಿಲ್ಲಬೇಕು ಎಂಬಿವನ್ನು ನಿಶ್ಚಯಿಸುವುದು ಈ ವೃತ್ತಿಗಾರನ ಕಾರ್ಯ. ಅವನ ಸ್ಫೂರ್ತಿಗೆ ಮೂಲವೇನೆಂದು ವಿಚಾರಿಸಿದರೆ ಯೂರೋಪಿನ ಮುದ್ರಣಕಲೆಯನ್ನು ತೋರಿಸುವುದು ವಾಡಿಕೆ. ಇದು ಅಸತ್ಯವಲ್ಲ, ಆದರೆ ಕನ್ನಡದ ಪುಟದ ಮಟ್ಟಿಗೆ ಅಪೂರ್ಣವಾದುದು. ಈ ವಿದ್ಯೆಯ ಮುಖ್ಯ ಪ್ರಶ್ನೆಗಳೆಲ್ಲವೂ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಕಲ್ಲಿನ ಮೇಲೆ ಎದುರಾದವು. ಅಲ್ಲಿ ದೊರೆತ ಉತ್ತರಗಳಲ್ಲಿ ಕೆಲವು ಇಂದಿನ ವಿನ್ಯಾಸಕನಿಗೂ ಉಪಾದೇಯವಾಗಿರುವುವು.

ಮೊದಲು ಪುಟವಾದ ಕಲ್ಲಿನ ವಿಷಯ. ಭೀಮಾ ಮತ್ತು ಕಾಗಿಣಾ ನದಿಗಳ ಈ ನೆಲದಡಿಯಲ್ಲಿ ಪದರಪದರವಾಗಿ ಮಲಗಿರುವುದು ಸುಣ್ಣಕಲ್ಲು. ಶಹಾಬಾದ ಕಲ್ಲೆಂದು ದೇಶದಾದ್ಯಂತ ಮನೆಗಳ ನೆಲಕ್ಕೆ ಹಾಸುವ ಚಪ್ಪಡಿ ಇದೇ. ವಾಡಿ ಮುಂತಾದೆಡೆಗಳ ಸಿಮೆಂಟಿನ ಕಾರ್ಖಾನೆಗಳು ಅರೆಯುವುದೂ ಈ ಜಾತಿಯ ಕಲ್ಲನ್ನೇ. ಉಳಿಯ ಹೆಚ್ಚು ಶ್ರಮವಿಲ್ಲದೆ ಸಮತಲವಾದ ಹಲಗೆಗಳಾಗಿ ಸೀಳಿಕೊಳ್ಳುವುದು ಇದರ ಸ್ವಭಾವ. ಮುಖವು ನುಣುಪು, ಬಣ್ಣವು ಬೂದು. ಗ್ರಾನೈಟಿನ ಬಂಡೆಯ ಮೇಲೆ ಬರೆಯುವವನು ಬಂಡೆಯ ಉಬ್ಬುತಗ್ಗುಗಳಿಗೆ ತಲೆಬಾಗಬೇಕು. ಈ ಸೀಮೆಯ ಬರೆಹಗಾರನಿಗಾದರೋ ನಾಲ್ಕು ಅಂಚುಗಳುಳ್ಳ, ಎರಡು ಮಗ್ಗುಲುಗಳುಳ್ಳ ಪುಟವೇ ಸಿದ್ಧವಾಗಿ ದೊರೆಯಿತು.

ಅಂತಹ ಪುಟಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಚಿತ್ತಾಪುರ ತಾಲ್ಲೂಕಿನ ಸನ್ನತಿಯದು. ೧೯೮೬ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಕಾ ಗುಡಿಯ ಮಾಳಿಗೆ ಕುಸಿಯಲಾಗಿ, ದೇವಿಯ ಪೀಠವಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂದು ಬೆಳಕಿಗೆ ಬಂದಿತು. ಒಂದು ಮುಖದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳ ಭಾಗಗಳೂ, ಇನ್ನೊಂದು ಮುಖದಲ್ಲಿ ಕಳಿಂಗದ ಧೌಲಿ ಜೌಗಡಗಳಲ್ಲಿ ಮಾತ್ರ ಅದುವರೆಗೆ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳೂ ಇದರಲ್ಲಿವೆ. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಚಪ್ಪಡಿಯ ನಡುವೆ ಚೌಕನಾದ ರಂಧ್ರವನ್ನು ಕೊರೆದಿದ್ದರಿಂದ ಪಂಕ್ತಿಗಳು ತುಂಡಾಗಿವೆ. ಕೊರೆದವನು ಮೂರ್ಖನಲ್ಲ, ದ್ವೇಷಿಯೂ ಅಲ್ಲ. ಆ ಲಿಪಿಯನ್ನು ಓದಬಲ್ಲವರು ಆಗ ಯಾರೂ ಉಳಿದಿರಲಿಲ್ಲ, ಆದಕಾರಣ ಅವನಿಗೆ ಅದು ಬರಿಯ ಕಲ್ಲಾಗಿತ್ತು.

ಈ ಹದಿನಾಲ್ಕನೆಯ ಶಾಸನವು ವಿನ್ಯಾಸವಿದ್ಯೆಯ ದೃಷ್ಟಿಯಿಂದ ಅಶೋಕನ ಸಮಸ್ತ ಶಾಸನಗಳಲ್ಲಿ ವಿಲಕ್ಷಣವಾದುದು. ಇತರ ಶಾಸನಗಳು ಧರ್ಮವನ್ನು ಹೇಳಿದರೆ ಇದು ಶಾಸನಗಳ ಬರವಣಿಗೆಯನ್ನೇ ಕುರಿತು ಹೇಳುತ್ತದೆ. ಅದರ ತಾತ್ಪರ್ಯವಿಷ್ಟು: ಈ ಧರ್ಮಲಿಪಿಯನ್ನು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಬರೆಯಿಸಲಾಗಿದೆ, ಎಲ್ಲವೂ ಎಲ್ಲೆಡೆಯೂ ಹೊಂದುವುದಿಲ್ಲ, ಕೆಲವು ಮಾತುಗಳು ಅರ್ಥದ ಮಾಧುರ್ಯಕ್ಕಾಗಿ ಪುನರುಕ್ತವಾಗಿವೆ, ಎಲ್ಲಿಯಾದರೂ ಬರೆಹವು ಅಪೂರ್ಣವಾಗಿದ್ದರೆ ಅದು ಸ್ಥಳದ ಕಾರಣದಿಂದಲೋ ಬೇರೊಂದು ಕಾರಣವನ್ನು ಎಣಿಸಿದುದರಿಂದಲೋ ಲಿಪಿಕರನ ಅಪರಾಧದಿಂದಲೋ ಆದುದು. ಕಳಿಂಗಯುದ್ಧದ ಘೋರವನ್ನು ವರ್ಣಿಸುವ ಹದಿಮೂರನೆಯ ಶಾಸನವನ್ನು ಕಳಿಂಗದಲ್ಲಿಯೇ ಬರೆಯಿಸದೆ ಬಿಟ್ಟಿರುವುದು ಈ ನಿಯಮದ ಉದಾಹರಣೆ.

ಇಂದಿನ ಜಾಲಪುಟವಿನ್ಯಾಸದ ಪ್ರಧಾನಸೂತ್ರವೂ ಇದಕ್ಕೆ ದೂರವಲ್ಲ. ಒಂದೇ ಪುಟವನ್ನು ಒಬ್ಬನು ಮೇಜಿನ ಮೇಲಿನ ಅಗಲವಾದ ಪರದೆಯಲ್ಲಿ ನೋಡಿದರೆ, ಇನ್ನೊಬ್ಬನು ವಾಡಿ ಜಂಕ್ಷನ್ನಿನಲ್ಲಿ ರೈಲನ್ನು ಕಾಯುತ್ತ ಅಂಗೈಯಗಲದ ಮೊಬೈಲಿನಲ್ಲಿ ನೋಡುವನು. ಎರಡಕ್ಕೂ ಬೇರೆ ಬೇರೆ ಪುಟಗಳನ್ನು ರಚಿಸದೆ, ಪರದೆಯ ಅಳತೆಗೆ ತಕ್ಕಂತೆ ಒಂದೇ ಪುಟವು ತನ್ನನ್ನು ತಾನೇ ಹೊಂದಿಸಿಕೊಳ್ಳುವ ಕ್ರಮವನ್ನು ಈಥನ್ ಮಾರ್ಕಾಟ್ ಎಂಬ ವಿನ್ಯಾಸಕರು ೨೦೧೦ರಲ್ಲಿ ಒಂದು ಲೇಖನದಲ್ಲಿ ನಿರೂಪಿಸಿ ಅದಕ್ಕೆ ಹೆಸರಿಟ್ಟರು. ಇಲ್ಲಿ ಒಂದು ಭೇದವನ್ನು ಮರೆಯಲಾಗದು. ಅಶೋಕನ ಅಧಿಕಾರಿಗಳು ಸ್ಥಳಕ್ಕೆ ತಕ್ಕಂತೆ ಪಾಠವನ್ನೇ ಹಿಗ್ಗಿಸಿದರು, ಕುಗ್ಗಿಸಿದರು, ಅದು ಶಬ್ದಸಂಕ್ಷೇಪ. ಜಾಲಪುಟದಲ್ಲಿ ಪಾಠವು ಅಖಂಡವಾಗಿದ್ದು ಅದರ ನಿವೇಶವು ಮಾತ್ರ ಮಾರ್ಪಡುವುದು, ಇದು ವಿನ್ಯಾಸಸಂಕ್ಷೇಪ. ಸಾದೃಶ್ಯವಿದ್ದ ಮಾತ್ರಕ್ಕೆ ವಂಶಸಂಬಂಧವನ್ನು ಕಲ್ಪಿಸುವುದು ವಿದ್ವತ್ತಿಗೆ ಶೋಭೆಯಲ್ಲ. ಸನ್ನತಿಯ ಕಲ್ಲನ್ನು ನೋಡಿ ಯಾರೂ ಜಾಲಪುಟವನ್ನು ಕಲಿತವರಲ್ಲ. ಆದರೆ ಔಚಿತ್ಯವೆಂಬುದು ಸ್ಥಳದಿಂದ ನಿರ್ಣೀತವಾಗುತ್ತದೆಂಬ ಅರಿವು ಎರಡೆಡೆಯೂ ಸಮಾನ.

ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಅಗೆದು ತೆಗೆದ ಮಹಾಸ್ತೂಪದ ಫಲಕಗಳಲ್ಲಿ ಇನ್ನೊಂದು ವಿಶೇಷವುಂಟು. ಸುಣ್ಣಕಲ್ಲಿನ ಫಲಕಗಳ ಮೇಲೆ ಜಾತಕಕಥೆಗಳನ್ನೂ ರಾಜರನ್ನೂ ಕೆತ್ತಿ, ಚಿತ್ರದ ಬಳಿಯಲ್ಲಿಯೇ ಬ್ರಾಹ್ಮಿಯಲ್ಲಿ ಅದರ ಹೆಸರನ್ನು ಬರೆದಿರುವರು. ಅಶೋಕನ ಹೆಸರನ್ನೇ ಹೊತ್ತ ಅವನ ಶಿಲ್ಪವು ದೊರೆತುದು ಹೀಗೆ. ಶಾತವಾಹನ ರಾಜರ ಗುರುತು ಸಿಕ್ಕಿದುದೂ ಹೀಗೆಯೇ. ಬರೆಹವಿಲ್ಲದಿದ್ದರೆ ಆ ಶಿಲ್ಪವನ್ನು ಯಾವನೋ ಒಬ್ಬ ಅರಸನೆಂದು ಬಿಡುತ್ತಿದ್ದರು. ಜಾಲಪುಟದಲ್ಲಿ ಪ್ರತಿ ಚಿತ್ರಕ್ಕೂ, ಕಾಣಲಾರದವರ ಸಲುವಾಗಿ, ಅದರ ವಿವರವನ್ನು ಮಾತಿನಲ್ಲಿ ಜೋಡಿಸಬೇಕೆಂಬ ವಿಧಿಯಿದೆ. ಅದನ್ನು ವ್ಯರ್ಥಶ್ರಮವೆಂದು ಬಿಡುವ ವಿನ್ಯಾಸಕರು ಬಹಳ. ಅವರು ಕನಗನಹಳ್ಳಿಗೆ ಒಮ್ಮೆ ಹೋಗಿಬರುವುದು ಲೇಸು.

ಲಿಪಿಕರನ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ಉಳಿದವರಲ್ಲಿ ಕರ್ಣಾಟಕದ ಮಟ್ಟಿಗೆ ಮೊದಲಿಗನು ಚಪಡ. ಬಿ. ಎಲ್. ರೈಸರು ೧೮೯೨ರಲ್ಲಿ ಬೆಳಕಿಗೆ ತಂದ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕಶಾಸನಗಳ ಕೊನೆಯಲ್ಲಿ ಅವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರ’ನೆಂಬ ಬಿರುದನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿರುವನು. ವಾಯವ್ಯ ದೇಶದ ಆ ಲಿಪಿಯನ್ನು ಓದುವವರು ಇಲ್ಲಿ ಯಾರಿದ್ದರು? ತನ್ನ ಕುಶಲತೆಯನ್ನು ತೋರುವ ಅಲ್ಪಾಭಿಮಾನವಲ್ಲದೆ ಇದಕ್ಕೆ ಬೇರೆ ಕಾರಣ ತೋರದು. ಮುಂದೆ ಕದಂಬರ ತಾಳಗುಂದದ ಸ್ತಂಭದಲ್ಲಿ ಕವಿಯಾದ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನು. ಅನಂತರದ ಕನ್ನಡ ಶಾಸನಗಳಲ್ಲಿ ರಚಿಸಿದವನು, ಬರೆದವನು, ಕಂಡರಿಸಿದ ರೂವಾರಿ ಎಂದು ಬೇರೆ ಬೇರೆ ಹೆಸರುಗಳು ಕಾಣಬರುತ್ತವೆ. ಜಾಲತಾಣದ ನಿರ್ಮಾಣದಲ್ಲಿಯೂ ಪಾಠಕಾರ, ವಿನ್ಯಾಸಕ, ಸಂಕೇತಕಾರ ಎಂಬ ಇದೇ ವಿಭಾಗವಿದೆ. ಜಗಳಗಳೂ ಬಹುಶಃ ಅವೇ.

ಇದೇ ಸೀಮೆಯ ಮಳಖೇಡವು, ಅಂದರೆ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ತೀರದ ಮಾನ್ಯಖೇಟವು, ನೃಪತುಂಗನ ರಾಜಧಾನಿಯಾಗಿದ್ದು ಕವಿರಾಜಮಾರ್ಗದ ಜನ್ಮಸ್ಥಾನವಾಯಿತು. ಆ ಗ್ರಂಥದ ಮೂಲಪ್ರತಿಯ ಒಂದು ಓಲೆಯೂ ಇಂದಿಲ್ಲ. ಪ್ರತಿಯಿಂದ ಪ್ರತಿಗೆ ಇಳಿದುಬಂದ ಪಾಠವನ್ನು ೧೮೯೮ರಲ್ಲಿ ಕೆ. ಬಿ. ಪಾಠಕರು ಮುದ್ರಿಸಿದರು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕ್ರಿ.ಶ. ೧೦೫೮ರ ಶಾಸನವು, ದಂಡನಾಯಕ ಮಧುಸೂದನನು ನೆಲೆಗೊಳಿಸಿದ ಘಟಿಕಾಸ್ಥಾನದಲ್ಲಿ ಇನ್ನೂರು ಮಂದಿ ವೇದಾಧ್ಯಾಯಿಗಳಿಗೂ ಶಾಸ್ತ್ರಾಧ್ಯಾಯಿಗಳಿಗೂ ಅವರ ಉಪಾಧ್ಯಾಯರಿಗೂ ವೃತ್ತಿಗಳನ್ನು ಹೇಳಿ, ಜೊತೆಗೆ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೇಳುತ್ತದೆ. ಗ್ರಂಥವನ್ನು ಬರೆದರೆ ಸಾಲದು, ಕಾಯುವವನಿಗೂ ಸಂಬಳ ಬೇಕೆಂಬುದು ಆ ದಂಡನಾಯಕನಿಗೆ ಗೊತ್ತಿತ್ತು. ಓಲೆಯ ಪುಸ್ತಕಗಳೆಲ್ಲ ಹೋದವು. ಅವುಗಳಿದ್ದುವೆಂದು ಹೇಳುವ ಕಲ್ಲು ಉಳಿಯಿತು. ಸೇಡಂನ ಹನ್ನೆರಡನೆಯ ಶತಮಾನದ ಶಾಸನಗಳನ್ನು ಪಿ. ಬಿ. ದೇಸಾಯಿಯವರು ತಮ್ಮ ೧೯೫೭ರ ಗ್ರಂಥದಲ್ಲಿ ಸಂಪಾದಿಸಿರುವರು.

ಕನ್ನಡ ಪುಟದ ವಿನ್ಯಾಸದಲ್ಲಿ ತಿರುಳಾದ ತೊಡಕು ಒತ್ತಕ್ಷರದ್ದು. ರೋಮನ್ ಲಿಪಿಯ ಪಂಕ್ತಿಯು ಒಂದೇ ಮಾಳಿಗೆಯ ಮನೆ. ಕನ್ನಡದ ಪಂಕ್ತಿಗೆ ನೆಲಮಾಳಿಗೆಯೂ ಉಂಟು. ಗುಡಿಸು ಕೊಂಬುಗಳು ಮೇಲಕ್ಕೂ ಬಲಕ್ಕೂ ಚಾಚಿದರೆ ಒತ್ತುಗಳು ಕೆಳಕ್ಕೆ ಇಳಿಯುತ್ತವೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ಗಳಂತಹ ಶಬ್ದಗಳಲ್ಲಿ ಒಂದು ಅಕ್ಷರಕ್ಕೆ ಎರಡು ಒತ್ತುಗಳು. ಕಲ್ಯಾಣ ಚಾಲುಕ್ಯರ ಕಾಲದ ಒಳ್ಳೆಯ ಬರೆಹಗಾರನು ಒತ್ತಿಗೆ ಬೇಕಾದಷ್ಟು ಜಾಗವನ್ನು ಪಂಕ್ತಿಗಳ ನಡುವೆ ಮೊದಲೇ ಎಣಿಸಿ ಬಿಡುತ್ತಿದ್ದನು. ಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರು, ಲಿಂಗ, ಕರುವುಳ್ಳ ಆಕಳು, ಖಡ್ಗ ಇವುಗಳ ಪಟ್ಟಿ. ಅದರ ಕೆಳಗೆ ಗುಂಡಾದ ಅಕ್ಷರಗಳ ಅವಿಚ್ಛಿನ್ನ ಪಂಕ್ತಿಗಳು. ಶಬ್ದಗಳ ನಡುವೆ ತೆರಪಿಲ್ಲ. ಪಂಕ್ತಿಗಳ ನಡುವೆ ತೆರಪುಂಟು.

ಮುದ್ರಣದ ಕಾಲದಲ್ಲಿ ಈ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವಾದರೋ ಕಲ್ಲಚ್ಚಿನದು, ಬವೇರಿಯದ ನುಣುಪಾದ ಸುಣ್ಣಕಲ್ಲಿನ ಮೇಲೆ ಹುಟ್ಟಿದ ಆ ವಿದ್ಯೆಯಲ್ಲಿ ಅಕ್ಷರಗಳನ್ನು ಕೈಯಿಂದಲೇ ಬರೆಯುವುದರಿಂದ ಒತ್ತುಗಳಿಗೆ ಮೊಳೆಗಳ ಕಾಟವಿರಲಿಲ್ಲ. ಪರದೆಯ ಮೇಲೆ ಕಾಟವು ಬೇರೆ ರೂಪದಲ್ಲಿ ಬಂದಿದೆ. ರೋಮನ್ ಅಕ್ಷರಕ್ಕೆಂದು ಅಳೆದ ಪಂಕ್ತಿಯ ಎತ್ತರವನ್ನೂ ಗುಂಡಿಗಳ ಚೌಕಟ್ಟನ್ನೂ ಕನ್ನಡಕ್ಕೆ ಹಾಗೆಯೇ ಹೊಂದಿಸಿದರೆ ಒತ್ತಕ್ಷರದ ಬಾಲವು ಕತ್ತರಿಸಿಹೋಗುತ್ತದೆ ಅಥವಾ ಕೆಳಗಣ ಪಂಕ್ತಿಯ ಮೇಲೆ ಬೀಳುತ್ತದೆ. ಜಾಲತಾಣಗಳಲ್ಲಿ ನಿತ್ಯವೂ ಕಾಣುವ ಈ ದೋಷವು ಲಿಪಿಯದಲ್ಲ, ಅಳೆದವನದು.

ಇದಕ್ಕಿಂತ ಗಂಭೀರವಾದುದು ಸಂಕೇತದ ವಿಚಾರ. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾವ್ ಅವರು, ಉಚ್ಚಾರಣೆಯ ಕ್ರಮವನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಶೇಷಾದ್ರಿವಾಸು ಅವರ ‘ಬರಹ’ವು ೧೯೯೮ರಲ್ಲಿಯೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಅದರ ಅನಂತರವೂ ಬಂದು ಕನ್ನಡದ ಬರವಣಿಗೆಯನ್ನು ಮನೆಮನೆಗೆ ಮುಟ್ಟಿಸಿದವು. ಆದರೆ ಆಗಿನ ಫಾಂಟುಗಳು ಕನ್ನಡದ ರೂಪಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹೀಗೆ ಬರೆದಿಟ್ಟ ಕಡತಗಳು ಅಸಂಖ್ಯವಾಗಿವೆ. ಮಾರ್ಪಡಿಸುವ ಉಪಕರಣಗಳಿರುವವರೆಗೆ ಅವು ಬದುಕಿವೆ; ಆಮೇಲೆ ಅವುಗಳ ಪಾಡು ಕಾಳಿಕಾ ಗುಡಿಯ ಪೀಠದ್ದೇ.

೧೯೯೧ರಿಂದ ಕನ್ನಡಕ್ಕೆ ಸ್ವತಂತ್ರ ಸ್ಥಾನವನ್ನು ಕೊಟ್ಟ ಯೂನಿಕೋಡು ಅಕ್ಷರಗಳನ್ನು ರೂಪದಿಂದಲ್ಲದೆ ಉಚ್ಚಾರಣಕ್ರಮದಿಂದ ಸಂಗ್ರಹಿಸುತ್ತದೆ. ‘ಅರ್ಕ’ ಎಂಬಲ್ಲಿ ರೇಫವು ಕಿವಿಗೆ ಮೊದಲು, ಕಣ್ಣಿಗೆ ಕೊನೆಗೆ. ಹಳೆಯ ಶಾಸನಗಳಲ್ಲಿ ಅಕ್ಷರದ ನೆತ್ತಿಯ ಮೇಲಿದ್ದ ರೇಫವೇ ಮುಂದೆ ಬಲಕ್ಕೆ ಸರಿದು ಅರ್ಕಾವೊತ್ತಾಯಿತು. ಯಂತ್ರವು ಧ್ವನಿಯನ್ನು ನೆನಪಿಟ್ಟು ರೂಪವನ್ನು ಫಾಂಟಿಗೆ ಬಿಡುತ್ತದೆ. ಶಿಕ್ಷಾಶಾಸ್ತ್ರವನ್ನು ಓದಿದವರಿಗೆ ಇದರಲ್ಲಿ ಸಂತೋಷವಿದೆ. ಆದರೆ ಇಲ್ಲಿಯೂ ಲಿಪಿಕರಾಪರಾಧವು ತಪ್ಪಲಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶ್ರಮವಹಿಸಿ ವಿವೇಚಿಸಿದ ೞಕಾರಕ್ಕೆ ಯೂನಿಕೋಡಿನಲ್ಲಿ ಕೊಟ್ಟ ಹೆಸರು ‘ಫ’ ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ಆ ಸಂಸ್ಥೆಯ ನಿಯಮದಿಂದಾಗಿ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆಯೇ ಹೊರತು ತಪ್ಪು ಹೆಸರು ಹಾಗೆಯೇ ಉಳಿದಿದೆ. ಕಲ್ಲಿನಲ್ಲಿ ಕೊರೆದುದಕ್ಕಿಂತ ಇದು ಗಟ್ಟಿ.

ಈಚಿನ ಕೃತಿಗಳಲ್ಲಿ ಗಮನಾರ್ಹವಾದವು ಕೆಲವಿವೆ. ಹಾರ್ವರ್ಡಿನ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಗ್ರಂಥಗಳಿಗಾಗಿ, ಎಂದರೆ ೨೦೧೭ರಲ್ಲಿ ಪ್ರಕಟವಾದ ರಾಘವಾಂಕನ ಹರಿಶ್ಚಂದ್ರ ಕಾವ್ಯದಂತಹವುಗಳಿಗಾಗಿ, ರೂಪಿಸಿದ ಅಕ್ಷರವು ಮುಂದೆ ‘ತೀರೋ ಕನ್ನಡ’ವೆಂಬ ಹೆಸರಿನಿಂದ ಜಾಲಪುಟಗಳಿಗೂ ಉಚಿತವಾಗಿ ದೊರೆಯಿತು, ದೀರ್ಘವಾದ ಓದಿಗೆ ಇದು ಯೋಗ್ಯವಾದುದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಅವರ ‘ಅಕಾಯ ಕನಡಕ’ವು ಶೀರ್ಷಿಕೆಗಳಿಗೆ ಒಪ್ಪುವ ಸ್ವಚ್ಛಂದ ರೂಪದ್ದು, ಪಾಠದ ಪುಟಕ್ಕೆ ಅದನ್ನು ಬಳಸುವುದು ಅನುಚಿತ. ವೈಷ್ಣವಿ ಮೂರ್ತಿಯವರ ಇನ್ನೊಂದು ಶ್ರಮವು ಓಲೆಗರಿಗಳ ತಿಗಳಾರಿ ಲಿಪಿಯನ್ನು ಕುರಿತುದು. ತುಳು ತಿಗಳಾರಿ ಎಂಬ ಹೆಸರಿನಿಂದ ಆ ಲಿಪಿಯು ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ ಹದಿನಾರನೆಯ ಆವೃತ್ತಿಯಲ್ಲಿ ಸ್ಥಾನವನ್ನು ಪಡೆಯಿತು. ಕರಾವಳಿ ಮತ್ತು ಮಲೆನಾಡಿನ ಮಠಮನೆಗಳಲ್ಲಿ ಕಟ್ಟುಕಟ್ಟಾಗಿ ಉಳಿದಿರುವ ಸಂಸ್ಕೃತ ಗ್ರಂಥಗಳನ್ನು ಅವುಗಳ ಸ್ವಂತ ಲಿಪಿಯಲ್ಲಿಯೇ ಪರದೆಯ ಮೇಲೆ ಬರೆಯುವುದಕ್ಕೆ ಈಗ ಮನೆಗಳು ಸಿದ್ಧವಾಗಿವೆ. ಬರೆಯಬೇಕಾದ ಓಲೆಗಳನ್ನು ಓದಬಲ್ಲವರು ಮಾತ್ರ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿರುವರು.