ಸಂವಿಧಾನ ಸಭೆಯಲ್ಲಿ ನಮ್ಮ ಹಿರಿಯರು ಒಬ್ಬರನ್ನೊಬ್ಬರು ಒಪ್ಪಲಿಲ್ಲ



ಉಹುದ್ ಯುದ್ಧಕ್ಕೆ ಮುಂಚೆ ನಡೆದ ಸಮಾಲೋಚನೆಯನ್ನು ನಾವು ಮಿಂಬರ್‌ನಿಂದ ಎಷ್ಟೋ ಸಲ ಹೇಳಿದ್ದೇವೆ. ಮದೀನಾದೊಳಗೇ ಇದ್ದು ಎದುರಿಸುವುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಹೊರಗೆ ಹೋಗಿ ಹೋರಾಡೋಣವೆಂದು ಯುವಕರು ಹೇಳಿದರು. ಭಿನ್ನಾಭಿಪ್ರಾಯವನ್ನು ಯಾರೂ ದ್ರೋಹವೆನ್ನಲಿಲ್ಲ. ಭಾರತದ ಸಂವಿಧಾನ ಸಭೆಯ ಚರ್ಚೆಗಳ ಸಂಪುಟಗಳನ್ನು ಓದುವಾಗ ನಮಗೆ ಈ ಘಟನೆ ಮತ್ತೆ ಮತ್ತೆ ನೆನಪಾಯಿತು.

ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಸಂವಿಧಾನವನ್ನು ಯಾರೋ ಬರೆದು ನಮಗೆ ಕೊಟ್ಟರು ಎಂಬುದು ಒಂದು. ಅಲ್ಲಿದ್ದ ಮುಸ್ಲಿಮ್ ಸದಸ್ಯರು ಬಾಯಿ ಮುಚ್ಚಿ ಕುಳಿತಿದ್ದರು ಎಂಬುದು ಇನ್ನೊಂದು. ದಾಖಲೆಗಳ ಮುಂದೆ ಎರಡೂ ನಿಲ್ಲುವುದಿಲ್ಲ. 1946ರ ಡಿಸೆಂಬರ್ 9ರಂದು ಸಭೆ ಮೊದಲು ಸೇರಿದಾಗ ಮುಸ್ಲಿಮ್ ಲೀಗ್‌ನವರು ಬಹಿಷ್ಕರಿಸಿದ್ದರು, ನಿಜ. ಆದರೆ ವಿಭಜನೆ ನಿರ್ಧಾರವಾದ ಮೇಲೆ, 1947ರ ಜುಲೈಯಲ್ಲಿ, ಭಾರತದಲ್ಲೇ ಉಳಿದ ಪ್ರದೇಶಗಳ ಲೀಗ್ ಸದಸ್ಯರು ಒಳಗೆ ಬಂದು ಕುಳಿತರು. ಅವರ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಪಕ್ಷ ಒಡೆದಿದೆ, ನಾಯಕರು ಕರಾಚಿಗೆ ಹೋಗಿದ್ದಾರೆ, ಉತ್ತರದಲ್ಲಿ ರಕ್ತ ಹರಿಯುತ್ತಿದೆ. ಅವರ ಪ್ರತಿ ಮಾತಿನ ಮೇಲೂ ಅನುಮಾನದ ಕಣ್ಣು. ಅಂಥ ಹೊತ್ತಿನಲ್ಲಿ ಎದ್ದುನಿಂತು ತಿದ್ದುಪಡಿ ಮಂಡಿಸುವುದು ಸಣ್ಣ ಧೈರ್ಯವಲ್ಲ.

1947ರ ಆಗಸ್ಟ್ ಕೊನೆಯಲ್ಲಿ ಅಲ್ಪಸಂಖ್ಯಾತರ ವರದಿ ಚರ್ಚೆಗೆ ಬಂತು. 1909ರಿಂದ ಜಾರಿಯಲ್ಲಿದ್ದ ಪ್ರತ್ಯೇಕ ಮತಕ್ಷೇತ್ರ ಮುಂದುವರಿಯಲಿ ಎಂದು ಮದರಾಸ್ ಪ್ರಾಂತ್ಯದ ಬಿ. ಪೋಕರ್ ಸಾಹೇಬರು ಕೇಳಿದರು. (ನಮ್ಮ ದಕ್ಷಿಣ ಕನ್ನಡವೂ ಆಗ ಮದರಾಸ್ ಪ್ರಾಂತ್ಯದಲ್ಲೇ ಇತ್ತು.) ಗೋವಿಂದ ವಲ್ಲಭ ಪಂತ್ ಮತ್ತು ಸರ್ದಾರ್ ಪಟೇಲ್ ಅದನ್ನು ಕಟುವಾಗಿ ವಿರೋಧಿಸಿದರು; ಬೇಡಿಕೆ ಬಿದ್ದುಹೋಯಿತು. ಬದಲಿಗೆ ಎಲ್ಲರೂ ಸೇರಿ ಮತ ಹಾಕುವ ಕ್ಷೇತ್ರಗಳಲ್ಲೇ, ಹತ್ತು ವರ್ಷದ ಮಟ್ಟಿಗೆ, ಮುಸ್ಲಿಮರಿಗೆ ಮೀಸಲು ಸ್ಥಾನಗಳು ಎಂದಾಯಿತು. 1948ರ ಕರಡಿನಲ್ಲಿ ಆ ಮೀಸಲಾತಿ ಅಚ್ಚಾಗಿಯೂ ಇತ್ತು. ಇದನ್ನು ತಿಳಿದವರು ನಮ್ಮಲ್ಲಿ ಕಡಿಮೆ.

ಅಚ್ಚಾದದ್ದು ಅಳಿಸಿಹೋದದ್ದು 1949ರ ಮೇ ತಿಂಗಳಲ್ಲಿ. ಪರಿಶಿಷ್ಟರನ್ನು ಬಿಟ್ಟು ಉಳಿದ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಡಬೇಕೆಂದು ಸಲಹಾ ಸಮಿತಿ ತೀರ್ಮಾನಿಸಿತು. ಮೇ 25 ಮತ್ತು 26ರಂದು ಸಭೆಯಲ್ಲಿ ನಡೆದ ಚರ್ಚೆಯನ್ನು ನಾವು ನಿಧಾನವಾಗಿ ಓದಿದೆವು. ಮದರಾಸಿನ ಮುಹಮ್ಮದ್ ಇಸ್ಮಾಈಲ್ ಸಾಹೇಬರು, ಪೋಕರ್ ಸಾಹೇಬರು ರಕ್ಷಣೆ ಉಳಿಯಲೇಬೇಕೆಂದರು. ತಾನು ಸಂಖ್ಯೆಯಲ್ಲಿ ಕಡಿಮೆಯಿರುವಲ್ಲಿ ತನ್ನ ನಂಬಿಕೆಯ ಪ್ರತಿನಿಧಿಯನ್ನು ತಾನೇ ಆರಿಸುವ ಹಕ್ಕು ಸಮುದಾಯಕ್ಕೆ ಬೇಡವೇ ಎಂಬುದು ಅವರ ಪ್ರಶ್ನೆ. ಸಂಯುಕ್ತ ಪ್ರಾಂತ್ಯದ ಬೇಗಂ ಐಜಾಝ್ ರಸೂಲ್, ಸಭೆಯಲ್ಲಿದ್ದ ಏಕೈಕ ಮುಸ್ಲಿಮ್ ಮಹಿಳೆ, ಅದಕ್ಕೆ ನೇರ ವಿರುದ್ಧ ನಿಂತರು. ಮೀಸಲಾತಿ ನಮ್ಮನ್ನು ಬಹುಸಂಖ್ಯಾತರಿಂದ ಸದಾ ದೂರ ಇಡುತ್ತದೆ, ಅದು ನಮಗೇ ತಿರುಗುವ ಆಯುಧ ಎಂಬುದು ಅವರ ವಾದ. ಝೆಡ್. ಎಚ್. ಲಾರಿ ಮೂರನೆಯ ದಾರಿ ತೋರಿಸಿದರು: ಮೀಸಲಾತಿ ಬೇಡ, ಒಂದು ಕ್ಷೇತ್ರದಿಂದ ಹಲವರು ಆರಿಸಿಬರುವಂತೆ ಮಾಡಿ, ಮತದಾರ ತನ್ನ ಮತಗಳನ್ನೆಲ್ಲ ಒಬ್ಬನಿಗೇ ಹಾಕಲು ಬಿಡಿ; ಆಗ ಸಣ್ಣ ಗುಂಪುಗಳ ದನಿಯೂ ಒಳಗೆ ಬರುತ್ತದೆ. ಸಭೆ ಅದನ್ನೂ ಒಪ್ಪಲಿಲ್ಲ.

ಯಾರು ಸರಿ? ಈ ಪ್ರಶ್ನೆಯನ್ನು ಯುವಕರು ನಮ್ಮಲ್ಲಿ ಕೇಳುತ್ತಾರೆ. ಲಾರಿ ಸಾಹೇಬರ ಸಲಹೆಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಎಂಬುದು ನಮ್ಮ ಅನಿಸಿಕೆ. ಆದರೆ ಬೇಗಂ ಅವರನ್ನು ಅಧಿಕಾರದವರ ಓಲೈಕೆಗೆ ಮಾತಾಡಿದರೆಂದು ಹೀಗಳೆಯುವುದು ಅನ್ಯಾಯ. ವಿಭಜನೆಯ ಗಾಯದ ಮಧ್ಯೆ ಬದುಕುತ್ತಿದ್ದ ಉತ್ತರದ ಮುಸ್ಲಿಮರನ್ನು ಕಂಡು ಅವರು ಮಾತಾಡಿದರು. ಮದರಾಸಿನವರು ಮಾತಾಡಿದ್ದು ಅಷ್ಟು ಗಾಯಗೊಳ್ಳದ ದಕ್ಷಿಣದಿಂದ. ಊರು ಬೇರೆಯಾದರೆ ಭಯವೂ ಬೇರೆ.

ಧರ್ಮ ಸ್ವಾತಂತ್ರ್ಯದ 25ನೇ ವಿಧಿಯ ಚರ್ಚೆ ಇನ್ನೂ ಸೋಜಿಗ. ಧರ್ಮ ಪ್ರಚಾರದ ಹಕ್ಕು ಬೇಡ, ಖಾಸಗಿಯಾಗಿ ಆಚರಿಸಿಕೊಂಡರೆ ಸಾಕು ಎಂದು 1948ರ ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದವರು ಬಿಹಾರದ ತಜಮ್ಮುಲ್ ಹುಸೇನ್. ಹೆಸರಿನಿಂದಾಗಲಿ ಉಡುಪಿನಿಂದಾಗಲಿ ಯಾರ ಧರ್ಮವೂ ಗೊತ್ತಾಗಬಾರದು ಎಂದೂ ಅವರು ಬಯಸಿದ್ದರು! ಪ್ರಚಾರದ ಹಕ್ಕು ಉಳಿಯಲೆಂದು ವಾದಿಸಿದವರಲ್ಲಿ ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ, ಕೆ. ಸಂತಾನಂ ಇದ್ದರು. ಆ ಪದಕ್ಕೆ ಕ್ರೈಸ್ತರು ಹೆಚ್ಚು ಮಹತ್ವ ಕೊಟ್ಟಿದ್ದರೆಂದು ಮುನ್ಷಿಯವರೇ ನೆನಪಿಸಿದರು. ಇಂದು ನಾವು ಬೀದಿಯಲ್ಲಿ ಸೀರತ್ ಪ್ರವಚನ ಏರ್ಪಡಿಸುವಾಗ ನೆರಳಾಗಿರುವ ಆ ಒಂದು ಪದವನ್ನು ಉಳಿಸಿದವರಲ್ಲಿ ನಮ್ಮವರಲ್ಲದವರೂ ಎಷ್ಟೋ ಜನ.

ಕರಡು ಸಮಿತಿಯ ಬಗ್ಗೆಯೂ ಒಂದು ಮಾತು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಆ ಸಮಿತಿಯಲ್ಲಿ ಅಸ್ಸಾಮಿನ ಸಯ್ಯದ್ ಮುಹಮ್ಮದ್ ಸಾದುಲ್ಲಾ ಇದ್ದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ನಂತರ ಸೇರಿಕೊಂಡರು. ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಸಂವಿಧಾನ ಸಲಹೆಗಾರ ಬಿ. ಎನ್. ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ. ಮಕ್ಕಳಿಗೆ ಈ ಹೆಸರುಗಳನ್ನು ಹೇಳಿಕೊಡಿ.

ಸೋತ ತಿದ್ದುಪಡಿಗಳಲ್ಲಿ ಇನ್ನೊಂದು ನಮ್ಮ ಮನಸ್ಸಿನಲ್ಲಿ ಉಳಿದಿದೆ. 1948ರ ಡಿಸೆಂಬರ್ 8ರಂದು ಅದೇ ಲಾರಿ ಸಾಹೇಬರು, ಪ್ರತ್ಯೇಕ ಭಾಷೆ ಮತ್ತು ಲಿಪಿಯುಳ್ಳವರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಅವರ ಭಾಷೆಯಲ್ಲೇ ಸಿಗುವುದು ಹಕ್ಕಾಗಲಿ ಎಂದು ಕೇಳಿದ್ದರು. ಅಂದು ಅದು ತಿರಸ್ಕೃತವಾಯಿತು. ಎಂಟು ವರ್ಷಗಳ ನಂತರ, ರಾಜ್ಯ ಪುನರ್ವಿಂಗಡಣೆಯ ಜೊತೆಗೇ ಬಂದ 7ನೇ ತಿದ್ದುಪಡಿಯಲ್ಲಿ, 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನ.