ಓದಬಲ್ಲ ದೆವ್ವ

ದಿಲ್‌ಸುಖ್‌ನಗರದ ಗೋಡೆಗಳಲ್ಲಿ ಇಂದು ಕೋಚಿಂಗ್ ಕೇಂದ್ರ, ಹಾಸ್ಟೆಲುಗಳ ಜಾಹೀರಾತಿಗಲ್ಲದೆ ಬೇರೊಂದಕ್ಕೆ ಎಡೆಯಿಲ್ಲ. ಆದರೂ ತೆಲುಗು ಊರುಗಳಲ್ಲಿ ಬೆಳೆದ ನಡುವಯಸ್ಸಿನವರನ್ನು ಕೇಳಿದರೆ, ಒಮ್ಮೆ ಮನೆಮನೆಯ ಮುಂದೆ ಬರೆದಿದ್ದ ‘ಓ ಸ್ತ್ರೀ, ರೇಪು ರಾ’ ಎಂಬ ಒಕ್ಕಣೆಯನ್ನು ನಗುತ್ತ ನೆನೆಯುತ್ತಾರೆ. ಕನ್ನಡಿಗರಾದ ನಮಗೆ ಅದರ ಅನುವಾದ ಬೇಕಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೂ ‘ನಾಳೆ ಬಾ’ ಎಂದಿತ್ತು.

ರಾತ್ರಿ ಹೆಣ್ಣುದೆವ್ವವೊಂದು ಬಾಗಿಲು ತಟ್ಟಿ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆರೆದವರು ಉಳಿಯುವುದಿಲ್ಲ. ಬರಹ ಕಂಡರೆ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಸರ್ಕಾರಿ ನೌಕರರಾದ ನಮಗೆ ‘ನಾಳೆ ಬಾ’ ಎಂಬುದರ ಬಲ ಚೆನ್ನಾಗಿಯೇ ಗೊತ್ತು!

ಇಂಥ ಇತಿಹಾಸ ಕಡತಗಳಲ್ಲಿ ಸಿಗುವುದಿಲ್ಲ. ಸೀಮೆಸುಣ್ಣದ ಬರಹದ ಆಯುಸ್ಸು ಮುಂದಿನ ಹಬ್ಬದ ಸುಣ್ಣ ಬಳಿಯುವವರೆಗೆ. ಜಪಾನಿನಲ್ಲಿ ಇದಕ್ಕೊಬ್ಬ ಅಕ್ಕನಿದ್ದಾಳೆ. ಗಿಫು ಪ್ರಾಂತ್ಯದಲ್ಲಿ ಹುಟ್ಟಿದ ‘ಕುಚಿಸಾಕೆ ಒನ್ನಾ’, ಎಂದರೆ ಬಾಯಿ ಸೀಳಿದ ಹೆಂಗಸಿನ ವದಂತಿ, 1979ರಲ್ಲಿ ದೇಶವನ್ನೆಲ್ಲ ಹಬ್ಬಿ, ಶಾಲೆಯ ಮಕ್ಕಳು ಗುಂಪುಗೂಡಿ ಮನೆಗೆ ನಡೆಯುವಂತಾಯಿತು. ಮುಖಗವಸು ತೊಟ್ಟ ಆಕೆ ‘ನಾನು ಚೆಲುವೆಯೇ?’ ಎನ್ನುತ್ತಾಳೆ. ಹೌದೆಂದರೂ ಕೇಡು, ಅಲ್ಲವೆಂದರೂ ಕೇಡು. ‘ಸಾಧಾರಣ’ ಎಂದರೆ ಗೊಂದಲಗೊಂಡು ನಿಲ್ಲುತ್ತಾಳಂತೆ. ಅಲ್ಲಿಯೂ ಕಾಯುವುದು ತಾಯಿತವಲ್ಲ, ಮಾತಿನ ಜಾಣ್ಮೆ. ನಮ್ಮಲ್ಲಿ ಆ ಜಾಣ್ಮೆ ಅಕ್ಷರಕ್ಕೆ ಇಳಿದಿದೆ. ಅಜ್ಜಿಯರ ಕಾಲದ ದೆವ್ವ ಕಬ್ಬಿಣಕ್ಕೋ ಬೇವಿನ ಸೊಪ್ಪಿಗೋ ಅಂಜುತ್ತಿತ್ತು. ಇದು ಶಾಲೆ ಕಲಿತ ನಗರದ ದೆವ್ವ, ಸೂಚನಾ ಫಲಕಕ್ಕೆ ಮಣಿಯುತ್ತದೆ.

2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಲನಚಿತ್ರ ಈ ಕತೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ನಮ್ಮ ಮಕ್ಕಳು ದೆವ್ವವನ್ನು ಅಲ್ಲಿಯದೆಂದೇ ತಿಳಿದಿದ್ದಾರೆ. ತಿದ್ದಲು ಹೋಗಿ ನಾವೇ ತಡವರಿಸಿದೆವು. ಏಕೆಂದರೆ ಈ ಕತೆಯ ಭಯವಿರುವುದು ಬರಹದಲ್ಲಲ್ಲ, ದನಿಯಲ್ಲಿ. ರಾತ್ರಿ ಮೊದಲ ಕೂಗಿಗೇ ಓಗೊಡಬೇಡಿ ಎಂದು ಹಿರಿಯರು ಎಚ್ಚರಿಸುತ್ತಿದ್ದರು. ತಾಯಿಯ ದನಿ, ತಾಯ್ನುಡಿಯ ದನಿ, ಅದಕ್ಕೇ ಮೋಸಹೋಗುವುದು ಸುಲಭ. ಬೆಂಗಳೂರಿನಲ್ಲಿ ಕನ್ನಡದ ಕರೆ ಯಾರದೂ ಆಗಬಹುದಿತ್ತು. ಇಲ್ಲಿ ಅಪರಾತ್ರಿ ಯಾರಾದರೂ ಕನ್ನಡದಲ್ಲಿ ಹೆಸರು ಹಿಡಿದು ಕರೆದರೆ, ಸ್ವಂತದವರೆಂದು ನಂಬಿ ನಾವು ಚಿಲಕ ತೆಗೆದೇ ತೆಗೆಯುತ್ತೇವೆ.

ಲಿಪಿಯ ತೊಡಕು ಅಷ್ಟಿಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು; ತೆಲುಗು ಕಲಿತ ದೆವ್ವ ‘ನಾಳೆ ಬಾ’ ಎಂಬುದನ್ನೂ ಕೂಡಿಸಿಕೊಂಡು ಓದೀತು. ಆದರೆ ನಮ್ಮ ಬಾಗಿಲಿನ ಹೆಸರು ಇಂಗ್ಲಿಷಿನಲ್ಲಿದೆ. ಬರೆಯಿರೆಂದರೆ ಮಕ್ಕಳು ಆ ಎರಡು ಪದಗಳನ್ನೂ ರೋಮನ್ ಅಕ್ಷರಗಳಲ್ಲೇ ಬರೆದರು.