ದೇವರ ಯಜ್ಞವೇದಿ: ಸಭೆಯ ಪ್ರಾರ್ಥನಾಸೇವೆಯಲ್ಲಿ ವೃದ್ಧರ ಸ್ಥಾನ

ವೃದ್ಧರಿಗಾಗಿ ಸಭೆಯು ಮಾಡುವ ಸೇವೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಸಾಮಾನ್ಯವಾಗಿ ಒಂದೇ. ಸಭಾಪಾಲಕರು ಮನೆಗೆ ಹೋಗುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಕುಳಿತು ಒಂದು ಕೀರ್ತನೆಯನ್ನು ಓದುತ್ತಾರೆ. ಕರ್ತನ ಭೋಜನವನ್ನು ಕೊಡುತ್ತಾರೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹಿಂದಿರುಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಚಿತ್ರದಲ್ಲಿ ಪ್ರಾರ್ಥಿಸುವವರು ಒಬ್ಬರು, ಪ್ರಾರ್ಥನೆಯನ್ನು ಪಡೆಯುವವರು ಇನ್ನೊಬ್ಬರು. ಆದಿಸಭೆಯ ಬರಹಗಳಲ್ಲಿ ಕಾಣುವ ಕ್ರಮ ಬೇರೆ. ಅಲ್ಲಿ ವೃದ್ಧರು, ವಿಶೇಷವಾಗಿ ವೃದ್ಧ ವಿಧವೆಯರು, ಸಭೆಯಿಂದ ಪೋಷಣೆ ಪಡೆಯುತ್ತಿದ್ದರು. ಸಭೆಗಾಗಿ ಪ್ರಾರ್ಥಿಸುವುದು ಅವರಿಗೆ ನೇಮಿಸಿದ ಸೇವೆಯಾಗಿತ್ತು. ಇವುಗಳಲ್ಲಿ ಮೊದಲನೆಯದನ್ನು ನಾವು ಉಳಿಸಿಕೊಂಡು ಎರಡನೆಯದನ್ನು ಹೇಗೆ ಕಳೆದುಕೊಂಡೆವು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಅಪೊಸ್ತಲರ ಕಾಲ

ಲೂಕನ ಸುವಾರ್ತೆಯು ಇಬ್ಬರು ವೃದ್ಧರನ್ನು ದೇವಾಲಯದಲ್ಲಿ ನಿಲ್ಲಿಸಿ ಹೊಸ ಒಡಂಬಡಿಕೆಯ ಕಾಲವನ್ನು ತೆರೆಯುತ್ತದೆ. ಸಿಮೆಯೋನನು ಮಗುವನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾನೆ. ಅಸೇರನ ಕುಲದ ಫನುವೇಲನ ಮಗಳಾದ ಅನ್ನಳು ಏಳು ವರ್ಷ ಗಂಡನೊಡನೆ ಬಾಳಿ, ಬಳಿಕ ವಿಧವೆಯಾಗಿ ಉಪವಾಸದಿಂದಲೂ ಪ್ರಾರ್ಥನೆಯಿಂದಲೂ ಹಗಲಿರುಳು ದೇವರ ಸೇವೆಯಲ್ಲಿದ್ದವಳು. ಲೂಕನು ಆಕೆಯನ್ನು ಪ್ರವಾದಿನಿ ಎಂದು ಕರೆಯುತ್ತಾನೆ. ಆಕೆಯ ಪ್ರಾರ್ಥನೆಯು ವೃದ್ಧಾಪ್ಯದ ಕಾಲಹರಣವಲ್ಲ. ಅದೇ ಆಕೆಯ ಸೇವೆ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಸಭೆಯೊಳಗಿನ ಗುಣುಗುಟ್ಟುವಿಕೆಯು ವಿಧವೆಯರ ವಿಷಯವಾಗಿಯೇ ಹುಟ್ಟುತ್ತದೆ. ಗ್ರೀಕ್ ಭಾಷೆಯನ್ನಾಡುವವರ ವಿಧವೆಯರು ದಿನದ ಹಂಚಿಕೆಯಲ್ಲಿ ಅಲಕ್ಷ್ಯಕ್ಕೆ ಒಳಗಾದರು. ಏಳು ಮಂದಿಯ ನೇಮಕವು ಅದರ ಫಲ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯವು ಮುಂದಿನ ಹೆಜ್ಜೆಯನ್ನಿಡುತ್ತದೆ. ಅರವತ್ತು ವರ್ಷಕ್ಕೆ ಕಡಿಮೆಯಿಲ್ಲದ ವಿಧವೆಯನ್ನು ಪಟ್ಟಿಗೆ ಸೇರಿಸಬಹುದು. ಆಕೆ ಹಗಲಿರುಳು ವಿಜ್ಞಾಪನೆ ಪ್ರಾರ್ಥನೆಗಳಲ್ಲಿ ನೆಲೆಗೊಂಡಿರುವವಳು. ಇಂದು ಅರವತ್ತು ನಾವು ಸೇವೆಯಿಂದ ನಿವೃತ್ತರಾಗುವ ವಯಸ್ಸು. ಆ ಪತ್ರಿಕೆಯಲ್ಲಿ ಅದು ಸೇವೆಗೆ ಹೆಸರು ಬರೆಸುವ ವಯಸ್ಸು.

ಯಜ್ಞವೇದಿ ಎಂಬ ಹೆಸರು

ಎರಡನೆಯ ಶತಮಾನದಲ್ಲಿ ಸ್ಮುರ್ನದ ಬಿಷಪನಾದ ಪೋಲಿಕಾರ್ಪನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ವಿಧವೆಯರನ್ನು ದೇವರ ಯಜ್ಞವೇದಿ ಎಂದು ಕರೆದು, ಎಲ್ಲರಿಗಾಗಿ ಎಡೆಬಿಡದೆ ಬೇಡಿಕೊಳ್ಳುವ ಕರ್ತವ್ಯವನ್ನು ಅವರಿಗೆ ನೆನಪಿಸುತ್ತಾನೆ. ಈ ಹೋಲಿಕೆಯಲ್ಲಿ ಎರಡು ಅರ್ಥಗಳು ಕೂಡಿವೆ. ವಿಶ್ವಾಸಿಗಳು ತಂದ ಕಾಣಿಕೆ ಯಜ್ಞವೇದಿಯ ಮೇಲೆ ಇಳಿಯುವಂತೆ ವಿಧವೆಯ ಕೈಗೆ ಬರುತ್ತದೆ. ವೇದಿಯಿಂದ ಹೊಗೆ ಏಳುವಂತೆ ಆಕೆಯ ಪ್ರಾರ್ಥನೆ ದೇವರ ಕಡೆಗೆ ಏರುತ್ತದೆ. ಕೊಡುವವನು ಮೇಲಿನವನು, ಪಡೆಯುವವಳು ಕೆಳಗಿನವಳು ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

ಈ ಸೇವೆಯ ಹರವು ಸಣ್ಣದಾಗಿರಲಿಲ್ಲ. ತೆರ್ತುಲ್ಲಿಯನನು ತನ್ನ ಸಮರ್ಥನಾಗ್ರಂಥದಲ್ಲಿ ಸಭೆಯ ನಿಧಿಯಿಂದ ಯಾರಿಗೆ ನೆರವು ಸಲ್ಲುತ್ತಿತ್ತೆಂದು ಹೇಳುವಾಗ ಮನೆಯಿಂದ ಹೊರಬರಲಾರದ ವೃದ್ಧರನ್ನೂ ಹೆಸರಿಸುತ್ತಾನೆ. 251ರ ಸುಮಾರಿಗೆ ರೋಮಿನ ಬಿಷಪನಾದ ಕೊರ್ನೇಲಿಯನು ಬರೆದ ಪತ್ರವೊಂದನ್ನು ಇತಿಹಾಸಕಾರ ಯೂಸೇಬಿಯನು ಉಳಿಸಿದ್ದಾನೆ. ಅದರಂತೆ ಆ ನಗರದ ಸಭೆಯಲ್ಲಿ 46 ಮಂದಿ ಹಿರಿಯರೂ 7 ಮಂದಿ ಸಭಾಸೇವಕರೂ ಇದ್ದರು. ಸಭೆಯು ಪೋಷಿಸುತ್ತಿದ್ದ ವಿಧವೆಯರೂ ಸಂಕಟದಲ್ಲಿದ್ದವರೂ ಸೇರಿ 1500ಕ್ಕೂ ಹೆಚ್ಚು ಮಂದಿ.

ಹಿಪ್ಪೊಲಿತನ ಹೆಸರಿನಲ್ಲಿ ಬಂದಿರುವ ‘ಅಪೊಸ್ತಲಿಕ ಸಂಪ್ರದಾಯ’ವು ವಿಧವೆಯನ್ನು ಹಸ್ತನಿಕ್ಷೇಪವಿಲ್ಲದೆ ಮಾತಿನಿಂದಲೇ ನೇಮಿಸಬೇಕೆಂದು ಹೇಳುತ್ತದೆ. ಪ್ರಾರ್ಥನೆಯು ಎಲ್ಲರಿಗೂ ಸೇರಿದ್ದು, ಆಕೆಯ ನೇಮಕ ಅದಕ್ಕಾಗಿಯೇ ಎಂಬುದು ಕೊಡುವ ಕಾರಣ. ಈ ವಾಕ್ಯವನ್ನು ನಾವು ಎರಡು ಬಗೆಯಲ್ಲಿ ಓದಬಹುದು: ಅದು ಆಕೆಯನ್ನು ಯಾಜಕವರ್ಗದ ಹೊರಗಿಡುತ್ತದೆ, ನಿಜ; ಆದರೆ ಇಡೀ ಸಭೆಗೆ ಸೇರಿದ ಕೆಲಸವನ್ನು ಇಡೀ ಸಭೆಯ ಪರವಾಗಿ ಮಾಡುವವಳನ್ನಾಗಿಯೂ ಮಾಡುತ್ತದೆ.

ವೇದಿಯನ್ನು ಕದಲದಂತೆ ನಿಲ್ಲಿಸಿದ್ದು

ಮೂರನೆಯ ಶತಮಾನದ ಸಿರಿಯಾದಲ್ಲಿ ಹುಟ್ಟಿದ ‘ದಿದಸ್ಕಾಲಿಯ’ದಲ್ಲಿ ಅದೇ ಹೋಲಿಕೆ ಬೇರೆ ಕೆಲಸಕ್ಕೆ ಬರುತ್ತದೆ. ಯಜ್ಞವೇದಿಯು ಒಂದೇ ಕಡೆ ನಿಂತಿರುತ್ತದೆ, ಮನೆಯಿಂದ ಮನೆಗೆ ಅಲೆಯುವುದಿಲ್ಲ. ಆದಕಾರಣ ವಿಧವೆಯೂ ಮನೆಯಲ್ಲಿಯೇ ಇರಲಿ, ಬೋಧಿಸದಿರಲಿ ಎಂಬುದು ಅದರ ವಾದ. ಗೌರವದ ಹೆಸರೇ ಕಟ್ಟುಪಾಡಾಯಿತು. ಆದರೂ ಆ ಗ್ರಂಥದಲ್ಲಿ ನಾವು ಮರೆಯಬಾರದ ಒಂದು ಸೂಚನೆಯಿದೆ. ದಾನವನ್ನು ಪಡೆದ ವಿಧವೆ ಕೊಟ್ಟವನಿಗಾಗಿ ಪ್ರಾರ್ಥಿಸಬೇಕು. ಆದರೆ ಅವನ ಹೆಸರನ್ನು ಬಯಲು ಮಾಡಬಾರದು. ಪ್ರಾರ್ಥನೆಯು ದಾನದ ಬೆಲೆಯಾಗಿ ಮಾರಾಟಕ್ಕೆ ಇಳಿಯದಂತೆ ಇಟ್ಟ ಕಾವಲು ಅದು.

ನಾಲ್ಕನೆಯ ಶತಮಾನದಿಂದ ಎರಡು ಬದಲಾವಣೆಗಳು ಒಟ್ಟಿಗೆ ನಡೆದವು. ಲವೊದಿಕೀಯದ ಸಭಾಪರಿಷತ್ತು ತನ್ನ ಹನ್ನೊಂದನೆಯ ನಿಯಮದಲ್ಲಿ ಹಿರಿಯಳೆಂಬ ಪದವಿಗೆ ಸ್ತ್ರೀಯರನ್ನು ಸಭೆಯಲ್ಲಿ ನೇಮಿಸಬಾರದೆಂದು ವಿಧಿಸಿತು. ವಿಧವೆಯರ ಗಣವೂ ಕ್ರಮೇಣ ಕ್ಷೀಣಿಸಿತು. ಇತ್ತ ವೃದ್ಧರ ಪೋಷಣೆ ಕಟ್ಟಡಗಳಿಗೆ ಸಾಗಿತು; ಆರನೆಯ ಶತಮಾನದ ಜಸ್ಟಿನಿಯನನ ಕಾನೂನುಗಳು ವೃದ್ಧಾಲಯಗಳನ್ನು ಆಸ್ಪತ್ರೆ, ಅನಾಥಾಲಯಗಳ ಸಾಲಿನಲ್ಲಿ ಹೆಸರಿಸುತ್ತವೆ. ಇದು ಕರುಣೆಯ ದೊಡ್ಡ ಸಾಧನೆಯೇ ಸರಿ. ಆದರೆ ಆರಾಧನೆಯ ನಡುವೆ ಸ್ಥಾನವಿದ್ದವರು ಈಗ ಆಶ್ರಯದ ಪಟ್ಟಿಗೆ ಸೇರಿದರು.

ಪ್ರಾರ್ಥನೆಯು ಬಾಡಿಗೆಯಾದಾಗ

ಮಧ್ಯಯುಗದಲ್ಲಿ ವೃದ್ಧರ ಪ್ರಾರ್ಥನೆ ಮತ್ತೆ ಕಾಣಿಸಿಕೊಂಡಿತು, ಆದರೆ ಬೇರೆ ಷರತ್ತಿನ ಮೇಲೆ. ಇಂಗ್ಲೆಂಡಿನ ಯೂಎಲ್ಮ್ ಎಂಬ ಹಳ್ಳಿಯಲ್ಲಿ ವಿಲಿಯಂ ಡಿ ಲಾ ಪೋಲ್ ಮತ್ತು ಅವನ ಹೆಂಡತಿ ಆಲಿಸ್ 1437ರಲ್ಲಿ ಹದಿಮೂರು ಮಂದಿ ಬಡ ಗಂಡಸರಿಗಾಗಿ ವಸತಿಗೃಹವನ್ನು ಸ್ಥಾಪಿಸಿದರು. ಊಟವಸತಿಗೆ ಪ್ರತಿಯಾಗಿ ಸ್ಥಾಪಕರಿಗಾಗಿಯೂ ಅವರ ಬಂಧುಗಳ ಆತ್ಮಗಳಿಗಾಗಿಯೂ ದಿನದಿನವೂ ಪ್ರಾರ್ಥಿಸುವುದು ಅಲ್ಲಿನವರ ನಿಬಂಧನೆ. ಇಂಥ ಗೃಹಗಳ ನಿವಾಸಿಗಳಿಗೆ ಆ ನಾಡಿನಲ್ಲಿ ಪ್ರಾರ್ಥಿಸುವವರು ಎಂಬರ್ಥದ ಹೆಸರೇ ಇತ್ತು. ‘ದಿದಸ್ಕಾಲಿಯ’ವು ದಾನಿಯ ಹೆಸರನ್ನು ಮರೆಮಾಡಿತ್ತು; ಇಲ್ಲಿ ದಾನಿಯೇ ಪ್ರಾರ್ಥನೆಯ ವಿಷಯವಾದನು.

ಸುಧಾರಣೆಯ ಕಾಲದಲ್ಲಿ, 1547ರ ಕಾನೂನಿನ ಮೂಲಕ, ಸತ್ತವರಿಗಾಗಿ ಪ್ರಾರ್ಥಿಸುವ ದತ್ತಿಗಳನ್ನು ಇಂಗ್ಲೆಂಡಿನಲ್ಲಿ ರದ್ದುಮಾಡಲಾಯಿತು. ಸುಧಾರಕರ ಆಕ್ಷೇಪಣೆಗೆ ದೇವಶಾಸ್ತ್ರದ ಕಾರಣಗಳಿದ್ದವು. ನಾವು ಅದನ್ನು ಹಗುರಾಗಿ ಕಾಣುವುದಿಲ್ಲ. ಆದರೆ ಬಾಡಿಗೆಯ ಪ್ರಾರ್ಥನೆಯನ್ನು ತೆಗೆದುಹಾಕಿದವರು ಅದರ ಹಿಂದಿದ್ದ ಹಳೆಯ ಸೇವೆಯನ್ನು ಮತ್ತೆ ನೆಲೆಗೊಳಿಸಲಿಲ್ಲ. ದತ್ತಿಗೃಹಗಳು ಉಳಿದ ಕಡೆಗಳಲ್ಲಿ ವೃದ್ಧರು ಅನ್ನ ಉಣ್ಣುವವರಾಗಿ ಉಳಿದರು. ಪ್ರೊಟೆಸ್ಟೆಂಟ್ ಸಭೆಗಳಾದ ನಾವು ಬಹುಮಟ್ಟಿಗೆ ಈ ಕೊರತೆಯ ವಾರಸುದಾರರು.

ಒಬ್ಬ ವೃದ್ಧೆಯ ಇಪ್ಪತ್ತೇಳು ವರ್ಷಗಳು

1839ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದ ಸೇಂಟ್ ಸರ್ವಾನ್ ಊರಿನಲ್ಲಿ ಜೀನ್ ಜುಗಾನ್ ಎಂಬ ಬಡ ಸೇವಕಿ ಕುರುಡಿಯಾದ ಒಬ್ಬ ವೃದ್ಧ ವಿಧವೆಯನ್ನು ತನ್ನ ಮನೆಗೆ ತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಭಿಕ್ಷೆ ಬೇಡಿ ಬದುಕುತ್ತಿದ್ದ ವೃದ್ಧೆಯರ ಬದಲಿಗೆ ತಾನೇ ಬುಟ್ಟಿ ಹಿಡಿದು ಮನೆಮನೆಗೆ ಹೋದಳು. ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಎಂಬ ಸಂಘ ಹೀಗೆ ಹುಟ್ಟಿತು. 1882ರಲ್ಲಿ ಕಲ್ಕತ್ತೆಗೂ ಮುಂದೆ ನಮ್ಮ ಬೆಂಗಳೂರಿಗೂ ಅದು ಬಂದಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆಕೆಯ ಉತ್ತರಾರ್ಧ. ಸ್ಥಾಪಕನೆಂಬ ಹೆಸರನ್ನು ಒಬ್ಬ ಪಾದ್ರಿ ತಾನೇ ವಹಿಸಿಕೊಂಡನು. 1852ರಲ್ಲಿ ಆಕೆಯನ್ನು ಸಂಘದ ಮಾತೃಗೃಹಕ್ಕೆ ಕರೆಸಲಾಯಿತು. ಭಿಕ್ಷಾಟನೆಯೂ ಅಧಿಕಾರವೂ ಕೈಬಿಟ್ಟವು. 1879ರಲ್ಲಿ ತೀರಿಕೊಳ್ಳುವವರೆಗೆ ಇಪ್ಪತ್ತೇಳು ವರ್ಷ, ತಾನೇ ಸ್ಥಾಪಕಿಯೆಂದು ಬಹುಪಾಲು ಅರಿಯದ ಎಳೆಯ ಸಹೋದರಿಯರ ನಡುವೆ, ಆಕೆ ಪ್ರಾರ್ಥಿಸುತ್ತ ಬಾಳಿದಳು. ಆಕೆಗಾದ ಅನ್ಯಾಯವನ್ನು ಭಕ್ತಿಯ ಹೆಸರಿನಲ್ಲಿ ಮುಚ್ಚಲಾಗದು. ಆದರೆ ಅಧಿಕಾರವನ್ನು ಕಸಿದುಕೊಂಡವರಿಂದ ಪ್ರಾರ್ಥನೆಯ ಸೇವೆಯನ್ನು ಕಸಿಯಲಾಗಲಿಲ್ಲ. 2009ರಲ್ಲಿ ರೋಮನ್ ಕಥೋಲಿಕ ಸಭೆ ಆಕೆಯನ್ನು ಸಂತಳೆಂದು ಘೋಷಿಸಿತು.

ನಮ್ಮ ಮುಂದಿರುವ ಕೆಲಸ

ಈ ಇತಿಹಾಸದಿಂದ ನಾವು ಹಳೆಯ ಗಣವನ್ನು ಇದ್ದ ಹಾಗೆಯೇ ಎತ್ತಿ ತರಬೇಕಾಗಿಲ್ಲ. ಅದರಲ್ಲಿ ಕಟ್ಟುಪಾಡುಗಳಿದ್ದವು, ಅದು ಬಹುತೇಕ ಸ್ತ್ರೀಯರಿಗೆ ಮಾತ್ರ ಸೇರಿತ್ತು. ಪ್ರಾರ್ಥನೆಯನ್ನು ವೃದ್ಧರ ಪಾಲಿಗೆ ಬಿಟ್ಟು ನಾವು ಕಾರ್ಯಕಲಾಪಗಳಲ್ಲಿ ಮುಳುಗುವುದೂ ಸಲ್ಲದು. ಮರೆವಿನ ಕಾಯಿಲೆಯಿಂದ ಕರ್ತನ ಪ್ರಾರ್ಥನೆಯ ಮಾತುಗಳನ್ನೂ ಕಳೆದುಕೊಂಡವರಿದ್ದಾರೆ. ಅವರ ಪರವಾಗಿ ಆ ಮಾತುಗಳನ್ನು ನುಡಿಯುವುದು ನಮ್ಮ ಸಾಲ. ವೃದ್ಧರಿಗೂ ಮಕ್ಕಳಿಗೂ ನಿಯಮದ ಬಿಗಿಯನ್ನು ಸಡಿಲಿಸಬೇಕೆಂದ ಬೆನೆಡಿಕ್ಟನ ವಿವೇಕವನ್ನು ಇಲ್ಲಿ ನೆನೆಯಬೇಕು.

ಆದರೆ ನುಡಿಯಬಲ್ಲವರು ನಮ್ಮ ಸಭೆಗಳಲ್ಲಿ ಬಹಳ ಮಂದಿ. ಅವರ ಹೆಸರುಗಳು ರೋಗಿಗಳ ಪಟ್ಟಿಯಲ್ಲಿವೆ, ಸೇವಕರ ಪಟ್ಟಿಯಲ್ಲಿಲ್ಲ. ಮುಂದಿನ ಸಲ ಮನೆಭೇಟಿಗೆ ಹೋಗುವಾಗ ಸಭೆಯ ಅಗತ್ಯಗಳನ್ನು ಬರೆದುಕೊಂಡು ಹೋಗೋಣ: ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರು, ಕೆಲಸ ಕಳೆದುಕೊಂಡವರು, ಒಡೆದ ಮನೆಗಳು, ಗುಟ್ಟಾಗಿರಬೇಕಾದದ್ದನ್ನು ಗುಟ್ಟಾಗಿಯೇ ಇಡೋಣ. ಅದನ್ನು ಅವರ ಕೈಗೆ ಒಪ್ಪಿಸಿ ಮುಂದಿನ ಭೇಟಿಯಲ್ಲಿ ಏನಾಯಿತೆಂದು ತಿಳಿಸೋಣ. ನಾವು ಅವರಿಗಾಗಿ ಪ್ರಾರ್ಥಿಸಿದ ಮೇಲೆ ಎದ್ದು ಹೊರಡುವ ಬದಲು ತಲೆಬಾಗಿಸಿ, ನಮಗಾಗಿಯೂ ಪ್ರಾರ್ಥಿಸಿರಿ ಎಂದು ಕೇಳೋಣ. ಯಜ್ಞವೇದಿಯ ಬಳಿಗೆ ಹೋದವರು ಬಾಗಬೇಕಾದದ್ದು ಹಾಗೆ.